ಮೂರು ‘ಇಲ್ಲ’ಗಳಿರುವ ಒಂದು ಕಾಗದ

ಗುಂಡ್ಲುಪೇಟೆಯ ನಮ್ಮ ಹಳೆಯ ನಾಡಹೆಂಚಿನ ಮನೆಯನ್ನು 2023ರ ಬೇಸಿಗೆಯಲ್ಲಿ ಬಿಚ್ಚಿದೆವು. ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ದೊಡ್ಡಪ್ಪನ ಕಪ್ಪು ಟ್ರಂಕೂ ಇತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅವರ ಸೈನ್ಯದ ನಂಬರು ಅರ್ಧ ಅಳಿಸಿಹೋಗಿತ್ತು. ಚಿಕ್ಕಂದಿನಲ್ಲಿ ನಾವು ಅದನ್ನು ಮುಟ್ಟುವಂತಿರಲಿಲ್ಲ. ಅಂದು ಬೀಗ ತುಕ್ಕು ಹಿಡಿದು ತಾನಾಗಿಯೇ ಕಳಚಿಕೊಂಡಿತು. ಒಳಗೆ ನುಸಿ ತಿಂದ ಹಸಿರು ಸ್ವೆಟರು, ಒಂದು ಡಿಸ್ಚಾರ್ಜ್ ಬುಕ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಎರಡು ಕಾಗದ.

ನಾನು ಆಗ ಮೈಸೂರಿನಲ್ಲಿ ಕೂತು ಮೈಸೂರು ಸಂಸ್ಥಾನದ ಸೈನ್ಯದ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ನನ್ನ ಅಧ್ಯಾಯವೊಂದರ ವಸ್ತು. ನೂರು ವರ್ಷ ಹಿಂದಿನ ಕಾಗದಗಳಿಗಾಗಿ ಪತ್ರಾಗಾರದ ಬಾಗಿಲು ಕಾಯುವ ನನಗೆ, ನಮ್ಮ ಅಟ್ಟದ ಮೇಲೇ ಸೈನ್ಯದ ಇತಿಹಾಸದ ಒಂದು ಪುಟ ಇದೆ ಎಂಬುದು ಹೊಳೆದೇ ಇರಲಿಲ್ಲ.

“ಅದ ಯಾಕ ಈಗ ತಗದಯೆ ಮಗ? ಮುಗುದ್‌ ಕತ ಅದು,” ಎಂದರು ದೊಡ್ಡಪ್ಪ. ಆದರೆ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ.

ದೊಡ್ಡಪ್ಪ ಸೈನ್ಯಕ್ಕೆ ಸೇರಿದ್ದು 1981ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಎದೆ, ಎತ್ತರ, ಕಣ್ಣು, ಕಿವಿ ಎಲ್ಲ ಪರೀಕ್ಷೆ ಮಾಡಿಯೇ ತೆಗೆದುಕೊಂಡರು. ಆರು ವರ್ಷದ ನಂತರ, ಉತ್ತರ ಸಿಕ್ಕಿಂನ ಎತ್ತರದಲ್ಲಿ ಸತತವಾಗಿ ರಾತ್ರಿ ಪಹರೆ ಮಾಡುತ್ತಿದ್ದ ದಿನಗಳಲ್ಲಿ, ಬೆಳಗಿನ ಜಾವ ಮೊದಲ ಸಲ ಮೂರ್ಛೆ ಬಂತು. ಆಮೇಲೆ ಮತ್ತೆರಡು ಸಲ. ಮಿಲಿಟರಿ ಆಸ್ಪತ್ರೆ, ಹಗುರ ಕೆಲಸ, ಮತ್ತೆ ಆಸ್ಪತ್ರೆ. 1989ರಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಿಸಿ ಮನೆಗೆ ಕಳಿಸಿದರು. ಎಂಟು ವರ್ಷದ ಸೇವೆ. ಸಾಮಾನ್ಯ ಪಿಂಚಣಿಗೆ ಹದಿನೈದು ವರ್ಷ ಬೇಕು, ಅಶಕ್ತತೆಯ ಪಿಂಚಣಿಗೆ ಹತ್ತು ವರ್ಷ ಬೇಕಿತ್ತು. ಅವರಿಗೆ ಉಳಿದಿದ್ದ ದಾರಿ ಅಂಗವೈಕಲ್ಯ ಪಿಂಚಣಿ ಒಂದೇ. 1990ರಲ್ಲಿ ಬಂದ ಪತ್ರ ಅದನ್ನೂ ಮುಚ್ಚಿತು.

ಕವರಿನಲ್ಲಿದ್ದ ಎರಡು ಕಾಗದಗಳಲ್ಲಿ ಒಂದು ಆ ಪತ್ರ. ಇನ್ನೊಂದು ವೈದ್ಯಕೀಯ ಮಂಡಳಿಯ ವರದಿಯ ಒಂದು ಪುಟದ ಕಾರ್ಬನ್ ಪ್ರತಿ. ಅದರಲ್ಲಿ ಮೂರು ಪ್ರಶ್ನೆ, ಮೂರು ಉತ್ತರ. ಈ ಕಾಯಿಲೆ ಸೇವೆಗೆ ಸೇರುವ ಮೊದಲೇ ಇತ್ತೇ? ಇಲ್ಲ. ಇದು ಸೇವೆಯಿಂದ ಉಂಟಾದದ್ದೇ? ಇಲ್ಲ. ಸೇವೆಯಿಂದ ಉಲ್ಬಣಗೊಂಡದ್ದೇ? ಇಲ್ಲ. ಕೊನೆಗೆ ಒಂದೇ ಪದದ ವಿವರಣೆ: ‘ಕಾನ್‌ಸ್ಟಿಟ್ಯೂಷನಲ್’. ಅಂಗವೈಕಲ್ಯದ ಪ್ರಮಾಣ ಶೇಕಡಾ 20.

ಇತಿಹಾಸದ ವಿದ್ಯಾರ್ಥಿ ದಾಖಲೆಯನ್ನು ಓದುವುದು ಒಳಗಿನ ಬಿರುಕು ಹುಡುಕುತ್ತಾ. ಇಲ್ಲಿ ಹುಡುಕಬೇಕಾಗಿಯೇ ಇರಲಿಲ್ಲ. ಮೊದಲು ಇರಲಿಲ್ಲ, ಸೇವೆಯಿಂದ ಬರಲಿಲ್ಲ, ಸೇವೆಯಿಂದ ಹೆಚ್ಚಲೂ ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಆ ಪ್ರಶ್ನೆಗೆ ಉತ್ತರವಾಗಿ ನಿಂತದ್ದು ಒಂದು ಇಂಗ್ಲಿಷ್ ವಿಶೇಷಣ.

*

ಆ ಪದದ ಕಥೆಯನ್ನು ಹೇಳಿದ್ದು ನನ್ನ ಅತ್ತೆ, ದೊಡ್ಡಪ್ಪನ ತಂಗಿ. 1990ರಲ್ಲಿ ಪತ್ರ ಬಂದಾಗ ಮನೆಯಲ್ಲಿ ಇಂಗ್ಲಿಷ್ ಓದುವವರಿರಲಿಲ್ಲ. ತಾತ ಅದನ್ನು ಪರಿಚಯದ ಮೇಷ್ಟ್ರೊಬ್ಬರ ಹತ್ತಿರ ತೆಗೆದುಕೊಂಡು ಹೋದರು. ‘ಕಾನ್‌ಸ್ಟಿಟ್ಯೂಷನ್’ ಎಂದರೆ ಸಂವಿಧಾನ ಎಂದು ತಿಳಿದಿದ್ದ ಮೇಷ್ಟ್ರಿಗೆ, ಸಂವಿಧಾನಕ್ಕೂ ಮೂರ್ಛೆಗೂ ಏನು ಸಂಬಂಧ ಎಂದು ಅರ್ಥವಾಗಲಿಲ್ಲ. ನಿಘಂಟು ತೆಗೆದು ನೋಡಿದರು. ‘ದೇಹಪ್ರಕೃತಿಗೆ ಸಂಬಂಧಿಸಿದ್ದು’ ಎಂದಿತ್ತು. “ಮೈಯ್ಯ ಗುಣ ಅಂತಾರೆ, ಹುಟ್ಟಿನಿಂದ ಬಂದದ್ದು ಅಂತ,” ಎಂದು ಬಿಡಿಸಿ ಹೇಳಿದರು. ಅವರ ತಪ್ಪೇನೂ ಇರಲಿಲ್ಲ.

ಆದರೆ ಆ ಮಾತು ನಿಘಂಟಿನಿಂದ ಬೀದಿಗೆ ಬರಲು ಬಹಳ ದಿನ ಹಿಡಿಯಲಿಲ್ಲ. ಅಲ್ಲಿಯವರೆಗೆ ಊರಿನವರ ಪಾಲಿಗೆ ದೊಡ್ಡಪ್ಪ ‘ಮಿಲ್ಟ್ರಿಯಲ್ಲಿ ಚಳಿಗೆ ಸಿಕ್ಕಿ ಕೆಟ್ಟ ಹುಡುಗ’. ಪತ್ರ ಬಂದ ಮೇಲೆ ಅದು ‘ಆ ವಂಶದಲ್ಲೇ ಇರೋ ಫಿಟ್ಸು’ ಆಯಿತು. ಚಾಮರಾಜನಗರದ ಕಡೆಯಿಂದ ಅತ್ತೆಗೆ ಬಂದಿದ್ದ ಸಂಬಂಧ, ವೀಳ್ಯ ಬದಲಾಯಿಸಿದ ಮೇಲೆ ಮುರಿಯಿತು. ಕಾರಣವನ್ನು ಅವರು ಮರೆಮಾಚಲಿಲ್ಲ: “ಸರ್ಕಾರವೇ ಬರೆದು ಕೊಟ್ಟದೆಯಲ್ಲ!” ನಾಲ್ಕು ವರ್ಷದ ನಂತರ ಅತ್ತೆಯ ಮದುವೆಯಾದದ್ದು ಹೆಂಡತಿ ತೀರಿಕೊಂಡಿದ್ದ ಒಬ್ಬರೊಂದಿಗೆ. ಅವರು ಒಳ್ಳೆಯವರೇ. ಆದರೂ ಅತ್ತೆ ಆ ನಾಲ್ಕು ವರ್ಷಗಳನ್ನು ಇವತ್ತಿಗೂ ಎಣಿಸುತ್ತಾರೆ.

ದೊಡ್ಡಪ್ಪನಿಗೆ ಬಾವಿ, ಕೆರೆ, ಒಲೆ, ಸೈಕಲ್ಲು ಎಲ್ಲ ನಿಷೇಧವಾದವು. ಮಾಜಿ ಸೈನಿಕರಿಗೆ ಸುಲಭವಾಗಿ ಸಿಗುತ್ತಿದ್ದ ವಾಚ್‌ಮನ್ ಕೆಲಸವೂ ಸಿಗಲಿಲ್ಲ. ಮೂರ್ಛೆ ಬರುವ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾರದೋ ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸುವ ಲೆಕ್ಕ ಬರೆದರು, ದನ ಕಾದರು. ನನಗೆ ನೆನಪಿರುವ ದೊಡ್ಡಪ್ಪ ದಿನಾ ರಾತ್ರಿ ಫೆನಿಟಾಯಿನ್ ಮಾತ್ರೆ ನುಂಗಿ, ಹಾಳೆಯಲ್ಲಿ ತಾರೀಖು ಹಾಕಿ ಗುರುತು ಮಾಡುವ ಮನುಷ್ಯ. ಮೂರ್ಛೆ ಬಂದಾಗ ಅಜ್ಜಿ ಅವರ ಅಂಗೈಗೆ ಬೀಗದ ಕೈ ಒತ್ತಿ ಹಿಡಿಯುತ್ತಿದ್ದರು. ಕಬ್ಬಿಣದಿಂದ ಮೂರ್ಛೆ ನಿಲ್ಲುವುದಿಲ್ಲ. ಆದರೆ ಅಜ್ಜಿಯ ಕೈಯಲ್ಲಿ ಇದ್ದದ್ದು ಅದೊಂದೇ.

*

1918ಕ್ಕೆ ವಾಪಸ್ಸು ಹೋಗುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಹೈಫಾದ ದಾಳಿ ನಮಗೆಲ್ಲ ಗೊತ್ತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಯೋಧರು ಜೋಧಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್‌ಗಳ ಸಂಕೇತ. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕವಿದೆ. ಆದರೆ ಹೈಫಾದ ಮುಂದಿನ ತಿಂಗಳ ಕಥೆ ಅಷ್ಟಾಗಿ ಗೊತ್ತಿಲ್ಲ. ಡಮಾಸ್ಕಸ್ ಕೈವಶವಾದ ಮೇಲೆ ಅಲೆನ್‌ಬಿಯ ಕುದುರೆ ಸೈನ್ಯವನ್ನು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಹೊಡೆದು ಮಲಗಿಸಿದವು. ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಅಕ್ಟೋಬರ್ 26ರಂದು ಮೈಸೂರು ಮತ್ತು ಜೋಧಪುರದ ಸವಾರರು ಯುದ್ಧದ ಕೊನೆಯ ದಾಳಿಗಳಲ್ಲಿ ಒಂದನ್ನು ಮಾಡುವ ಹೊತ್ತಿಗೆ, ಅವರ ಡಿವಿಷನ್ ಜ್ವರದಿಂದ ಬಹಳ ಸೊರಗಿತ್ತು. ಈಟಿ ಹಿಡಿದವನಿಗೆ ಶಿಲ್ಪವಾಯಿತು. ಜ್ವರ ಹಿಡಿದವನು ಅಂಕಿಯಾದ. ಗಾಯಕ್ಕೆ ಸ್ಥಳ, ದಿನ, ಶತ್ರು ಇರುತ್ತಾರೆ, ರೋಗಕ್ಕೆ ಇರುವುದಿಲ್ಲ. ಇತಿಹಾಸ ಬರೆಯುವವರಿಗೂ ಪಿಂಚಣಿ ಕೊಡುವವರಿಗೂ ಇರುವ ತೊಡಕು ಒಂದೇ.

ಇಪ್ಪತ್ತನೇ ಶತಮಾನದ ಯುದ್ಧಗಳು ಈ ತೊಡಕನ್ನು ದೊಡ್ಡದು ಮಾಡಿದವು. ‘ಸೇವೆಯಿಂದ ಉಂಟಾದ ಅಥವಾ ಉಲ್ಬಣಗೊಂಡ’ ಎಂಬ ಸೂತ್ರ ಬ್ರಿಟಿಷರ ಪಿಂಚಣಿ ನಿಯಮಗಳ ಭಾಷೆ. ಅದನ್ನು ಸಾಬೀತು ಮಾಡಬೇಕಾದವರು ಯಾರು, ಸೈನಿಕನೋ ಸರ್ಕಾರವೋ ಎಂಬುದು ಜಗಳ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ ಆ ಭಾರವನ್ನು ಸೈನಿಕನ ಹೆಗಲಿನಿಂದ ಇಳಿಸಿತು. ಕಾನೂನು ಓದುವ ಗೆಳೆಯರಿಗೆ ‘ಸಮಂಜಸ ಸಂಶಯಕ್ಕೆ ಮೀರಿದ ಸಾಬೀತು’ ಎಂಬುದರ ಅರ್ಥವನ್ನು ನ್ಯಾಯಮೂರ್ತಿ ಡೆನ್ನಿಂಗ್ ವಿವರಿಸಿದ ಮಿಲ್ಲರ್ ಪ್ರಕರಣ ಗೊತ್ತಿರುತ್ತದೆ. 1947ರ ಆ ಪ್ರಕರಣ ಕೊಲೆಯದ್ದಲ್ಲ, ಕಳ್ಳತನದ್ದಲ್ಲ. ಅನ್ನನಾಳದ ಕ್ಯಾನ್ಸರ್‌ನಿಂದ ತೀರಿಕೊಂಡ ಸೈನಿಕನೊಬ್ಬನ ವಿಧವೆ ಹಾಕಿದ ಪಿಂಚಣಿ ಅರ್ಜಿ ಅದು. ಎಲ್ಲ ಕ್ರಿಮಿನಲ್ ವಕೀಲರೂ ಬಾಯಿಪಾಠ ಹೇಳುವ ಮಾತಿನ ಹಿಂದೆ ಒಂದು ಕಾಯಿಲೆ ಇದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧ ಮುಗಿದದ್ದು 1975ರಲ್ಲಿ. ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಒಡ್ಡಿಕೊಂಡವರ ಕೆಲವು ಕಾಯಿಲೆಗಳನ್ನು ಸೇವೆಯಿಂದಲೇ ಬಂದವು ಎಂದು ಭಾವಿಸಲು ಕಾಯಿದೆ ಬಂದದ್ದು 1991ರಲ್ಲಿ.

ನಮ್ಮಲ್ಲಿಯೂ ನಿಯಮ ಸೈನಿಕನ ಪರವಾಗಿಯೇ ಇತ್ತು. ಇದು ನನಗೆ ದೊಡ್ಡ ಆಘಾತ ಕೊಟ್ಟ ಸಂಗತಿ. ದೊಡ್ಡಪ್ಪನನ್ನು ಮನೆಗೆ ಕಳಿಸುವುದಕ್ಕೆ ಏಳು ವರ್ಷ ಮುಂಚೆಯೇ, 1982ರಲ್ಲಿ, ಅರ್ಹತಾ ನಿಯಮಗಳು ಜಾರಿಯಲ್ಲಿದ್ದವು. ಅವು ಹೇಳುವುದು ಸರಳ. ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟು ಬಿಡುಗಡೆಯಾದರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು. ಸೇರುವಾಗಿನ ಪರೀಕ್ಷೆಯಲ್ಲಿ ಪತ್ತೆಯಾಗುವಂಥ ಕಾಯಿಲೆ ಅಲ್ಲ ಎಂದು ವೈದ್ಯರು ಹೇಳುವುದಾದರೆ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊಣೆ ಅರ್ಜಿದಾರನದ್ದಲ್ಲ, ಸಂಶಯದ ಲಾಭ ಅವನಿಗೆ ಸೇರಬೇಕು.

ನಿಯಮ ಇತ್ತು, ಆದರೆ ಅದು ಗುಂಡ್ಲುಪೇಟೆಯವರೆಗೆ ಬರಲಿಲ್ಲ. ಚಾಮರಾಜನಗರ ಆಗ ಜಿಲ್ಲೆಯೂ ಆಗಿರಲಿಲ್ಲ. ಅದು ಮೈಸೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಯಾವ ಕಚೇರಿ ಕೆಲಸಕ್ಕೂ ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಬಸ್ಸು ಹತ್ತಬೇಕು. ಹೊರಟ ದಿನ ದಾರಿಯಲ್ಲಿ ಮೂರ್ಛೆ ಬಂದರೆ ಎಂಬ ಭಯದಲ್ಲಿ ದೊಡ್ಡಮ್ಮ ಜೊತೆಗೆ ಹೋಗಬೇಕು. ಎರಡು ಸಲ ಹೋಗಿ ಬಂದು ಸುಮ್ಮನಾದರು. ಮೇಲ್ಮನವಿಗೆ ಕೊಟ್ಟಿದ್ದ ಆರು ತಿಂಗಳು ಕಳೆದವು.

*

2013ರ ಜುಲೈ 2ರಂದು ಸುಪ್ರೀಂ ಕೋರ್ಟು ಧರ್ಮವೀರ್ ಸಿಂಗ್ ಪ್ರಕರಣದ ತೀರ್ಪು ಕೊಟ್ಟಿತು. ಅದನ್ನು ಮೊದಲ ಸಲ ಓದಿದಾಗ ನಮ್ಮ ಮನೆಯ ಕಾಗದವನ್ನೇ ಯಾರೋ ಇನ್ನೊಂದು ಹೆಸರಿಟ್ಟು ಬರೆದಂತಿತ್ತು. ಹಿಮಾಚಲ ಪ್ರದೇಶದ ಹೈಕೋರ್ಟಿನಿಂದ ಮೇಲೆ ಬಂದ ಪ್ರಕರಣ ಅದು. ಧರ್ಮವೀರ್ ಸಿಗ್ನಲ್ಸ್ ದಳಕ್ಕೆ ಸೇರಿದ್ದು 1985ರ ಜೂನ್‌ನಲ್ಲಿ. ಮೂರ್ಛೆರೋಗವೆಂದು ಹೊರಗೆ ಕಳಿಸಿದ್ದು 1994ರ ಏಪ್ರಿಲ್ 1ರಂದು. ಅಂಗವೈಕಲ್ಯ ಶೇಕಡಾ 20. ಸೇವೆಗೆ ಸಂಬಂಧವಿಲ್ಲ ಎಂಬ ಅದೇ ಉತ್ತರ. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಟಿಪ್ಪಣಿ ಇಲ್ಲ, ಪತ್ತೆಯಾಗಲು ಸಾಧ್ಯವಿರಲಿಲ್ಲ ಎನ್ನುವುದಕ್ಕೆ ಮಂಡಳಿ ಕಾರಣ ಬರೆದಿಲ್ಲ, ಆದ್ದರಿಂದ ನಿಯಮದ ಭಾವನೆ ಸೈನಿಕನ ಪರವಾಗಿಯೇ ನಿಲ್ಲುತ್ತದೆ ಎಂದಿತು ನ್ಯಾಯಾಲಯ. ಕಾರಣ ಬರೆಯದ ಅಭಿಪ್ರಾಯ ಬರಿಯ ಅಭಿಪ್ರಾಯ. 2015ರಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದೇ ಮಾತು ಮತ್ತೆ ಬಂತು.

ಇದು ಎಲ್ಲರಿಗೂ ಎಲ್ಲ ಸಲವೂ ತೆರೆಯುವ ಬಾಗಿಲಲ್ಲ. 2019ರಲ್ಲಿ ನರಸಿಂಗ್ ಯಾದವ್ ಎಂಬ ಸೈನಿಕನ ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಪಿಂಚಣಿ ನಿರಾಕರಿಸಿತು. ಟಿಪ್ಪಣಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪಿಂಚಣಿ ತಾನಾಗಿ ಬರುವುದಿಲ್ಲ, ಕಾಯಿಲೆಯ ಸ್ವರೂಪವನ್ನೂ ನೋಡಬೇಕು ಎಂದಿತು. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸೈನ್ಯದಲ್ಲಿದ್ದಾಗ ಬಂದದ್ದೆಲ್ಲ ಸೈನ್ಯದಿಂದಲೇ ಬಂತೆಂದು ವೈದ್ಯರು ಒಪ್ಪಬೇಕಿಲ್ಲ. ಆದರೆ ಮೂರ್ಛೆರೋಗದ ವಿಷಯದಲ್ಲಿ ‘ಹುಟ್ಟಿನದು’ ಎಂಬ ಮಾತು ಎಷ್ಟು ಅವಸರದ್ದು! ಸರಿಯಾಗಿ ತೊಳೆಯದ ಸೊಪ್ಪು, ಕೊಳಕು ನೀರಿನ ಮೂಲಕ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ, ಮರಿ ಮಿದುಳಿನಲ್ಲಿ ಗಂಟಾಗಿ ಕೂತು ಬರುವ ಮೂರ್ಛೆ ನಮ್ಮ ದೇಶದಲ್ಲಿ ಬಹಳ. ತಲೆಗೆ ಬಿದ್ದ ಪೆಟ್ಟಿನಿಂದ ಬರುತ್ತದೆ. ನಿದ್ದೆಗೆಟ್ಟರೆ ಮೂರ್ಛೆ ಕೆರಳುತ್ತದೆ. ದೊಡ್ಡಪ್ಪನ ಮಿದುಳಿನ ಸ್ಕ್ಯಾನ್ ಯಾವತ್ತೂ ಆಗಿರಲಿಲ್ಲ. ಪರೀಕ್ಷೆಯೇ ಮಾಡದೆ ವಂಶಕ್ಕೆ ಹಚ್ಚಿದ ಪದ ಅದು.

2024ರಲ್ಲಿ ಮಾಹಿತಿ ಹಕ್ಕಿನಡಿ ಅವರ ಪೂರ್ತಿ ವೈದ್ಯಕೀಯ ಕಡತ ಕೇಳಿ ಅರ್ಜಿ ಹಾಕಿದೆವು. ಉತ್ತರ ಒಂದೇ ಪ್ಯಾರಾ. ಪಿಂಚಣಿದಾರರಲ್ಲದವರ ಸೇವಾ ದಾಖಲೆಗಳನ್ನು ಬಿಡುಗಡೆಯಾಗಿ 25 ವರ್ಷದವರೆಗೆ ಮಾತ್ರ ಇಡಲಾಗುತ್ತದೆ, ಅವಧಿ ಮುಗಿದಿದ್ದರಿಂದ ನಾಶಪಡಿಸಲಾಗಿದೆ, ಲಾಂಗ್ ರೋಲ್ ಎಂಬ ರಿಜಿಸ್ಟರಿನಲ್ಲಿ ಹೆಸರು ಮತ್ತು ತಾರೀಖು ಮಾತ್ರ ಉಳಿದಿದೆ.

ಆ ಕಾಗದವನ್ನು ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ಪಿಂಚಣಿ ಕೊಡಲಿಲ್ಲವಾದ್ದರಿಂದ ಅವರು ಪಿಂಚಣಿದಾರರಲ್ಲ. ಪಿಂಚಣಿದಾರರಲ್ಲವಾದ್ದರಿಂದ ಕಡತ ಉಳಿಯಲಿಲ್ಲ. ಕಡತ ಉಳಿಯದಿದ್ದರೆ ಪಿಂಚಣಿ ಸಿಗಬೇಕಿತ್ತೆಂದು ತೋರಿಸುವುದು ಹೇಗೆ? ಪಿಂಚಣಿ ಪಡೆದವನ ಇತಿಹಾಸ ಕಪಾಟಿನಲ್ಲಿ ಇರುತ್ತದೆ, ಪಡೆಯದವನದ್ದು 25 ವರ್ಷಕ್ಕೆ ಸುಟ್ಟು ಹೋಗುತ್ತದೆ. ಯಾರ ದಾಖಲೆ ಉಳಿಯುತ್ತದೆ, ಯಾರದ್ದು ಅಳಿಯುತ್ತದೆ ಎಂಬುದರ ಬಗ್ಗೆ ನಾವು ವಿಭಾಗದಲ್ಲಿ ಸೆಮಿನಾರು ಮಾಡುತ್ತೇವೆ. ಅದರ ಉದಾಹರಣೆ ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿತ್ತು.

ಆಮೇಲೆ ನಮಗೆ ನೆನಪಾದದ್ದು ಟ್ರಂಕಿನ ಕಾರ್ಬನ್ ಪ್ರತಿ. ಆ ಪುಟದ ಮೊದಲ ‘ಇಲ್ಲ’, ಕಾಯಿಲೆ ಸೇವೆಗೆ ಮೊದಲು ಇರಲಿಲ್ಲ ಎಂಬುದು, ಮಂಡಳಿಯೇ ಬರೆದ ಮಾತು. ಮುಂದಿನ ಎರಡು ‘ಇಲ್ಲ’ಗಳಿಗೆ ಕಾರಣ ಬರೆದಿಲ್ಲ ಎನ್ನುವುದಕ್ಕೂ ಅದೇ ಪುಟ ಸಾಕ್ಷಿ. ಮೂವತ್ತನಾಲ್ಕು ವರ್ಷ ನಮ್ಮ ಮನೆಯನ್ನು ಕಾಡಿದ ಕಾಗದವೇ ಈಗ ಉಳಿದಿರುವ ಒಂದೇ ಸಾಕ್ಷಿ. ದೊಡ್ಡಪ್ಪ ಅದನ್ನು ಅವಮಾನವೆಂದು ಮುಚ್ಚಿಟ್ಟಿದ್ದರು. ಮುಚ್ಚಿಟ್ಟಿದ್ದರಿಂದ ಅದು ಉಳಿಯಿತು.

*

ಪರಿಚಯದ ನಿವೃತ್ತ ಹವಾಲ್ದಾರರೊಬ್ಬರು ದಾರಿ ಹೇಳಿದರು. ಮೊದಲು ದಾಖಲೆ ಕಚೇರಿಗೆ ಮೇಲ್ಮನವಿ. ತಿರಸ್ಕರಿಸಿದರೆ ಅಥವಾ ಉತ್ತರ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರು ಮಾಡಿದ ಈ ಮಂಡಳಿಯಲ್ಲಿ ಕರ್ನಾಟಕದ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಗುಂಡ್ಲುಪೇಟೆಯಿಂದ ಕೇರಳಕ್ಕೆ ನೇರ ದಾರಿ ಬಂಡೀಪುರದ ಕಾಡಿನೊಳಗೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಆ ದಾರಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ. ಆನೆಗಳಿಗೆ ನಿದ್ದೆ ಬೇಕು, ಸರಿಯೇ. ದೊಡ್ಡಪ್ಪನಿಗೂ ನಿದ್ದೆಗೆಡುವಂತಿಲ್ಲ. ವಿಚಾರಣೆಗೆ ಹೋಗುವುದಾದರೆ ಹಗಲಲ್ಲೇ ಹೊರಟು ದಾರಿಯಲ್ಲಿ ಒಂದು ರಾತ್ರಿ ತಂಗಬೇಕು ಎಂದು ದೊಡ್ಡಮ್ಮ ಈಗಾಗಲೇ ಲೆಕ್ಕ ಹಾಕಿದ್ದಾರೆ.

ಇಷ್ಟು ತಡವಾಗಿ ಬಂದದ್ದಕ್ಕೆ ಏನಾಗುತ್ತದೆ? 2008ರ ತರ್ಸೇಮ್ ಸಿಂಗ್ ಪ್ರಕರಣ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. 1983ರಲ್ಲಿ ಬಿಡುಗಡೆಯಾದ ಆ ಸೈನಿಕ ಕೋರ್ಟಿಗೆ ಬಂದದ್ದು 1999ರಲ್ಲಿ. ಪಿಂಚಣಿ ಪ್ರತಿ ತಿಂಗಳೂ ಹೊಸದಾಗಿ ತಪ್ಪುವ ಹಕ್ಕು, ಆದ್ದರಿಂದ ತಡವಾಯಿತೆಂದು ಬಾಗಿಲು ಮುಚ್ಚುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಆದರೆ ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಸುಮಾರು ಮೂರು ವರ್ಷಕ್ಕೆ ಸೀಮಿತಗೊಳಿಸಿತು. 2025ರ ಏಪ್ರಿಲ್‌ನಲ್ಲಿ ತೀರ್ಪಾದ ಬಿಜೇಂದರ್ ಸಿಂಗ್ ಪ್ರಕರಣದ ಸೈನಿಕ ಸಿಯಾಚಿನ್‌ನಲ್ಲಿ ಸೇವೆ ಮಾಡಿ, ಮೂರ್ಛೆಯಿಂದ 1989ರಲ್ಲಿ ಹೊರಬಂದವರು. ದೊಡ್ಡಪ್ಪ ಹೊರಬಂದ ವರ್ಷವೇ. ಅವರಿಗೆ ಪಿಂಚಣಿ ಕೊಡಲು ಆದೇಶವಾಗುವ ಹೊತ್ತಿಗೆ 36 ವರ್ಷ ಕಳೆದಿತ್ತು. ಆ ಸುದ್ದಿಯನ್ನು ಫೋನಿನಲ್ಲಿ ಓದಿ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ: “ಅವ್ರು ಬದುಕವ್ರಾ?”

ಬದುಕಿದ್ದಾರೆ ಎಂದೆ. ತಲೆದೂಗಿದರು.

ಈಗ ನಿಯಮಗಳು ಮತ್ತೆ ಬದಲಾಗಿವೆ. 2023ರ ಸೆಪ್ಟೆಂಬರ್ ನಂತರ ನಿವೃತ್ತರಾಗುವವರಿಗೆ ಹೊಸ ಅರ್ಹತಾ ನಿಯಮಗಳಿವೆ. ಅವು ಸೈನಿಕರ ರಕ್ಷಣೆಯನ್ನು ಕಡಿಮೆ ಮಾಡುತ್ತವೆ ಎಂದು ಮಾಜಿ ಸೈನಿಕರು ಆಕ್ಷೇಪಿಸಿದ್ದಾರೆ, ದುರುಪಯೋಗ ತಡೆಯಲು ಬೇಕು ಎಂದು ಸರ್ಕಾರ ಹೇಳುತ್ತದೆ. ದೊಡ್ಡಪ್ಪನ ಅರ್ಜಿ ಹಳೆಯ ನಿಯಮದಡಿಯದು. ಆದರೂ ನೂರು ವರ್ಷದಿಂದ ನಡೆಯುತ್ತಿರುವ ಜಗಳ ಅದೇ: ಗೊತ್ತಿಲ್ಲದ್ದರ ಭಾರ ಯಾರ ಹೆಗಲಿಗೆ? ಕಾಯಿಲೆಯ ಕಾರಣ ವೈದ್ಯರಿಗೂ ಖಚಿತವಾಗಿ ತಿಳಿಯದಿದ್ದಾಗ, ಆ ತಿಳಿಯದಿರುವಿಕೆಯನ್ನು ಹೊತ್ತು ಬದುಕಬೇಕಾದವರು ಯಾರು? ನಮ್ಮ ಮನೆಯಲ್ಲಿ ಅದನ್ನು ಒಬ್ಬ ಸೈನಿಕ ಮಾತ್ರವಲ್ಲ, ಸೈನ್ಯವನ್ನೇ ಕಾಣದ ಅವನ ತಂಗಿಯೂ ಹೊತ್ತಳು.

ಮೇಲ್ಮನವಿಗೆ ಸಹಿ ಹಾಕುವ ದಿನ ಅತ್ತೆಯೂ ಬಂದಿದ್ದರು. ಹಿಂಬಾಕಿ ಮೂರು ವರ್ಷದ್ದಷ್ಟೇ ಬರಬಹುದು, ಏನೂ ಬಾರದೆಯೂ ಇರಬಹುದು ಎಂದು ನಾನು ಮೊದಲೇ ಹೇಳಿದೆ. ಅತ್ತೆ ಕಾರ್ಬನ್ ಪ್ರತಿಯನ್ನು ಕೈಗೆತ್ತಿಕೊಂಡು, ಆ ಇಂಗ್ಲಿಷ್ ಪದ ಯಾವುದು ತೋರಿಸು ಎಂದರು. ತೋರಿಸಿದೆ. ಬೆರಳನ್ನು ಅದರ ಮೇಲೆ ಇಟ್ಟುಕೊಂಡೇ ಮಾತಾಡಿದರು.

“ದುಡ್ಡು ಬಂದ್ರ ಬರ್ಲಿ, ಬುಟ್ರ ಬುಡ್ಲಿ. ಇದು ತಪ್ಪು ಅಂತ ಯಾರಾರ ಒಬ್ರು ಬರ್ದು ಕೊಟ್ರ ಸಾಕು ಮಗ.”

ದೊಡ್ಡಪ್ಪ ಸಹಿ ಹಾಕಿದರು. ಹೆಸರಿನ ಹಿಂದೆ ಸೈನ್ಯದ ನಂಬರನ್ನು ಯಾರೂ ಹೇಳಿಕೊಡದೆ, ಒಂದು ಅಂಕಿಗೂ ತಡವರಿಸದೆ ಬರೆದರು. ಮಾರನೇ ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಕಾರ್ಬನ್ ಪ್ರತಿಯ ನಾಲ್ಕು ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಕಡೆ ಇಟ್ಟಿದ್ದೇನೆ. ಮೂಲ ಪ್ರತಿ ಮಾತ್ರ ಅದೇ ಟ್ರಂಕಿನಲ್ಲಿದೆ. ಅದಕ್ಕೆ ಈಗ ಹೊಸ ಬೀಗ.